ಹತ್ತು ಮೀಟರ್ ದೂರದ ಖುಷಿ

ಹೊಸ ಫೋನ್ ಕೊಂಡ ಖುಷಿ ನಿಮಗೆ ಎಷ್ಟು ದಿನ ಉಳಿಯುತ್ತೆ? ನನಗೆ ಹೆಚ್ಚೆಂದರೆ ಎರಡು ವಾರ. ಆಮೇಲೆ ಅದು ಇಎಂಐ ಕಟ್ಟಬೇಕಾದ ಇನ್ನೊಂದು ವಸ್ತು, ಅಷ್ಟೆ. ಈ ವರ್ಷ ಹಾಗಾಗದ ಒಂದು ವಸ್ತು ಕೊಂಡೆ. ಪಿಸ್ತೂಲು.

ಗಾಬರಿ ಬೇಡ. ಸಿನಿಮಾ ಹೀರೋ ಸೊಂಟಕ್ಕೆ ಸಿಕ್ಕಿಸಿಕೊಳ್ಳೋ ಪಿಸ್ತೂಲಲ್ಲ ಇದು. 10 ಮೀಟರ್ ಏರ್ ಪಿಸ್ತೂಲು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದರಲ್ಲ, ಆ ಸ್ಪರ್ಧೆಯದ್ದು. ಇದರಲ್ಲಿ ಮದ್ದಿಲ್ಲ, ಹೊಗೆಯಿಲ್ಲ. ಕೊಳವೆಯ ಕೆಳಗಿನ ಪುಟ್ಟ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತೆ. ಟ್ರಿಗರ್ ಒತ್ತಿದಾಗ ಅದರಲ್ಲಿ ಒಂದು ಚೂರು ಹೊರಬಂದು ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ಟನ್ನು ತಳ್ಳುತ್ತೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ ಕೊಳವೆ, 20 ಜೂಲ್ ಮೀರದ ಶಕ್ತಿ ಇರುವ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಬಿಲ್ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.

ಕಾನೂನು ಒಪ್ಪಿತು. ಅಮ್ಮ ಒಪ್ಪಲಿಲ್ಲ.

“ಮನೇಲಿ ನಾಲ್ಕು ವರ್ಷದ ಮಗು ಇದೆ ಕಣೇ. ಅಂಥಾದ್ದನ್ನ ತಂದು ಎಲ್ಲಿ ಇಡ್ತೀಯಾ?” ಅಂದ್ರು. ನಾವು ಅಣ್ಣನ ಸಂಸಾರದ ಜೊತೆಗೇ ಇರೋದು. ಅಮ್ಮನ ಪ್ರಶ್ನೆಯಲ್ಲಿ ನ್ಯಾಯ ಇತ್ತು. ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಅದು ಆಟಿಕೆ ಅಲ್ಲ. ಆ ಅರ್ಧ ಗ್ರಾಂ ಸೀಸ ಒಂದು ಕಣ್ಣು ತೆಗೆಯೋಕೆ ಸಾಕು. ಈ ವಿಷಯದಲ್ಲಿ ಅಮ್ಮನ ಜೊತೆ ವಾದ ಮಾಡುವಂಥದ್ದು ಏನೂ ಇರಲಿಲ್ಲ. ಷರತ್ತುಗಳನ್ನು ಕೂತು ಬರೆದುಕೊಳ್ಳೋದಷ್ಟೇ ಇತ್ತು.

ಅದಕ್ಕೂ ಮುಂಚೆ, ಕೊಳ್ಳೋದು ಯಾಕೆ ಅನ್ನೋ ಪ್ರಶ್ನೆ. ಒಂದೂವರೆ ವರ್ಷ ನಾನು ಕ್ಲಬ್ಬಿನ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿದ್ದು. ಅದರ ಹಿಡಿ ದೊಡ್ಡ ಕೈಯವರದ್ದು. ನನ್ನ ಬೆರಳು ಟ್ರಿಗರ್ ಮುಟ್ಟೋಕೆ ಮಣಿಕಟ್ಟು ಸ್ವಲ್ಪ ತಿರುಗಲೇಬೇಕು. ದಿನಕ್ಕೆ ಐದಾರು ಜನ ಅದನ್ನೇ ಹಿಡಿಯೋರು. ಪ್ರತಿಯೊಬ್ಬರೂ ತಮ್ಮ ಕಣ್ಣಿಗೆ ತಕ್ಕಂತೆ ಸೈಟ್ ತಿರುಗಿಸೋರು. ಗುರಿ ತಪ್ಪಿದಾಗ ತಪ್ಪು ಕೈಯದ್ದೋ ಪಿಸ್ತೂಲಿನದ್ದೋ ಅಂತ ಗೊತ್ತೇ ಆಗುತ್ತಿರಲಿಲ್ಲ.

ಈ ಆಟದಲ್ಲಿ ಅದು ಸಣ್ಣ ವಿಷಯ ಅಲ್ಲ. ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ. ಅಂದ್ರೆ ಅಂಗಿಯ ಒಂದು ಗುಂಡಿಯಷ್ಟು. ಅದು ಇರೋದು 10 ಮೀಟರ್ ಆಚೆ. ನಿಲ್ಲೋದು ಒಂದೇ ಕೈ ಚಾಚಿ. ಇನ್ನೊಂದು ಕೈ ಸಾಮಾನ್ಯವಾಗಿ ಜೇಬಿನಲ್ಲೋ ಬೆಲ್ಟಿನಲ್ಲೋ ಇರುತ್ತೆ. ಪಿಸ್ತೂಲಿನ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ ಒಂದಡಿಗಿಂತ ತುಸು ಹೆಚ್ಚು ಅಂತರ. ಅಲ್ಲಿ ಒಂದೇ ಒಂದು ಮಿ.ಮೀ. ವಾರೆಯಾದರೆ ಅಲ್ಲಿ, ಟಾರ್ಗೆಟ್ ಮೇಲೆ, ಸುಮಾರು 3 ಸೆಂ.ಮೀ. ತಪ್ಪುತ್ತೆ. ಹತ್ತು ಬರಬೇಕಾದಲ್ಲಿ ಏಳು.

ಟೋಕಿಯೊ ಒಲಿಂಪಿಕ್ಸ್ ನೆನಪಿದೆಯಾ? ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ರಿಪೇರಿಗೆ ಹೋದ ನಿಮಿಷಗಳು ಹೋದವು, ಫೈನಲ್ ತಪ್ಪಿತು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು. ಶೂಟಿಂಗ್‌ನಲ್ಲಿ ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಉಪಕರಣ ಚೆನ್ನಾಗಿದ್ದರೆ ಪದಕ ಬರುತ್ತೆ ಅಂತಲ್ಲ. ಆದರೆ ಅದು ಕೈಕೊಟ್ಟರೆ ಎಷ್ಟು ದೊಡ್ಡ ಆಟಗಾರ್ತಿಯೂ ಏನೂ ಮಾಡೋಕಾಗಲ್ಲ.

ಈ ಲೋಕದಲ್ಲಿ ಹೆಸರುಗಳು ಕೆಲವೇ. ಜರ್ಮನಿಯ ವಾಲ್ಥರ್, ಫೈನ್‌ವೆರ್ಕ್‌ಬಾವ್, ಆಸ್ಟ್ರಿಯಾದ ಸ್ಟೇಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಇಟಲಿಯ ಪಾರ್ಡಿನಿ. ಬೆಲೆ ಅಂದ್ರೆ ಒಂದು ಒಳ್ಳೆಯ ಸ್ಕೂಟರ್ ಬೆಲೆ. ನನ್ನ ಹಳೆಯ ಸ್ಕೂಟರ್ ಇನ್ನೂ ಓಡುತ್ತಿದೆ, ಹಾಗಾಗಿ ಹೊಸದಕ್ಕೆ ಅಂತ ಕೂಡಿಟ್ಟಿದ್ದ ದುಡ್ಡು ಇತ್ತು. ನಾಲ್ಕು ಪಿಸ್ತೂಲು ಕೈಯಲ್ಲಿ ಹಿಡಿದು ನೋಡಿ ಕೊನೆಗೆ ಸ್ಟೇಯರ್ ಆರಿಸಿದೆ. ಕಾರಣ ತೀರಾ ಸರಳ. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ಬಿಟ್ಟಾಗ ಎರಡೂ ಸೈಟು ಒಂದೇ ಸಾಲಿನಲ್ಲಿ ನಿಂತದ್ದು ಅದರಲ್ಲಿ ಮಾತ್ರ.

ಪೆಟ್ಟಿಗೆ ತೆರೆದಾಗ ಪಿಸ್ತೂಲಿನ ಜೊತೆ ಒಂದು ಸಣ್ಣ ಕಾಗದ ಇತ್ತು. ಕಾರ್ಖಾನೆಯಲ್ಲಿ ಪರೀಕ್ಷೆಗೆ ಹೊಡೆದ ಟಾರ್ಗೆಟ್. ಎಲ್ಲ ಪೆಲೆಟ್ಟೂ ಸೇರಿ ಒಂದೇ ತೂತು! ನೋಡಿ ಖುಷಿಯಾಯ್ತು, ಸ್ವಲ್ಪ ಭಯವೂ ಆಯ್ತು. ಇನ್ನು ಮೇಲೆ ತಪ್ಪಿದ್ದೆಲ್ಲ ನನ್ನದೇ ಅಂತ ಆ ಕಾಗದ ಬರೆದುಕೊಟ್ಟ ಹಾಗಿತ್ತು.

ಹಿಡಿ ವಾಲ್‌ನಟ್ ಮರದ್ದು, ನನ್ನ ಅಳತೆಯದ್ದು. ಆದರೂ ಹೆಬ್ಬೆರಳಿನ ಬುಡದಲ್ಲಿ ಒಂಚೂರು ಒತ್ತುತ್ತಿತ್ತು. ಕೋಚ್ ಉಪ್ಪುಕಾಗದ ಕೈಗೆ ಕೊಟ್ಟು, “ಉಜ್ಜಿ ಮೇಡಂ, ಹೆದರಬೇಡಿ” ಅಂದ್ರು. ಅಷ್ಟು ದುಬಾರಿ ವಸ್ತುವನ್ನು ಮೊದಲ ದಿನವೇ ಉಜ್ಜೋಕೆ ಗಟ್ಟಿ ಮನಸ್ಸು ಬೇಕು. ಉಜ್ಜಿದೆ. ಅಲ್ಲಿಂದ ಅದು ನನ್ನದಾಯಿತು.

ಟ್ರಿಗರ್ ಬಗ್ಗೆ ಹೇಳದೆ ಇರೋಕಾಗಲ್ಲ. ನಿಯಮದಂತೆ ಅದು ಕನಿಷ್ಠ 500 ಗ್ರಾಂ ತೂಕ ತಡೆಯಬೇಕು. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತೂಗುಹಾಕಿದ ಹಾಗೆ. ಬೆರಳು ಮೊದಲು ಸಲೀಸಾಗಿ ಹಿಂದೆ ಬರುತ್ತೆ, ಆಮೇಲೆ ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತೆ. ಅಲ್ಲಿಂದ ಮುಂದೆ ಒತ್ತಡ ನಿಧಾನಕ್ಕೆ ಹೆಚ್ಚಬೇಕು, ಅಷ್ಟೆ. ಯಾವ ಕ್ಷಣದಲ್ಲಿ ಬಿಡುತ್ತೆ ಅಂತ ಗೊತ್ತಾಗಬಾರದು. ಒಳ್ಳೆಯ ಟ್ರಿಗರ್ ಗಾಜಿನ ಕಡ್ಡಿ ಮುರಿದಂತೆ ತಟ್ಟನೆ ಬಿಡುತ್ತೆ. ಕೈ ಅಲುಗಲ್ಲ, ಸೈಟ್ ಇದ್ದಲ್ಲೇ ಇರುತ್ತೆ. ಒಂದು ಸಣ್ಣ “ಠಪ್”. ಟಾರ್ಗೆಟ್ ನೋಡೋಕೂ ಮುಂಚೆ ಒಳಗೆ ಗೊತ್ತಾಗಿಬಿಡುತ್ತೆ, ಇದು ಹತ್ತು ಅಂತ.

ಆ ಅರ್ಧ ಕ್ಷಣಕ್ಕೆ ನಾನು ಅಷ್ಟು ದುಡ್ಡು ಕೊಟ್ಟದ್ದು.

ಅಂಕ ಕೂಡಲೇ ಏರಿತಾ? ಇಲ್ಲ. ಕ್ಲಬ್ಬಿನ ಪಿಸ್ತೂಲಿನಲ್ಲಿ 60 ಹೊಡೆತಕ್ಕೆ 535ರ ಆಸುಪಾಸು ಬರುತ್ತಿತ್ತು. ಹೊಸದರಲ್ಲಿ ಮೊದಲ ವಾರ 521. ಮಣಿಕಟ್ಟಿಗೆ ಹಳೆಯ ಪಿಸ್ತೂಲಿನ ವಾರೆ ಅಭ್ಯಾಸವಾಗಿತ್ತು. ಅದನ್ನು ಬಿಡಿಸೋಕೆ ದಿನಾ ರಾತ್ರಿ ಹದಿನೈದು ನಿಮಿಷ ಬಿಳಿ ಗೋಡೆಯ ಮುಂದೆ ನಿಂತು, ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಅಭ್ಯಾಸ. ಮೂರು ತಿಂಗಳಿಗೆ 548 ಬಂತು. ಮನು ಪ್ಯಾರಿಸ್‌ನ ಅರ್ಹತಾ ಸುತ್ತಿನಲ್ಲಿ 580 ಹೊಡೆದಿದ್ದರು. ನಮ್ಮ ನಡುವಿನ ದೂರ ಎಷ್ಟು ಅಂತ ನನಗೆ ಗೊತ್ತು. ನಿನ್ನೆಯ ನನಗೂ ಇವತ್ತಿನ ನನಗೂ ಇರುವ ದೂರವೂ ಈಗ ಗೊತ್ತಾಗುತ್ತೆ.

ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ ಆಫೀಸಿನಲ್ಲಿ ಕೇಳಿದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ಕಥೆ ಹೇಳಿದೆ. ಕೆನಡಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು ಊರಿಗೆ ವಾಪಸ್ ಬಂದು ಪಿಸ್ತೂಲು ಹಿಡಿದು, 2013ರಲ್ಲಿ ವಿಶ್ವಕಪ್‌ನಲ್ಲಿ ಕಂಚು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಎರಡೂ 10 ಮೀಟರ್ ಏರ್ ಪಿಸ್ತೂಲಿನಲ್ಲೇ. ನನಗೆ ಪದಕ ಬೇಡ. ಆದರೆ ಫೋನ್ ಕೈಯಲ್ಲಿಲ್ಲದ, ಯಾರೂ ಕರೆಯದ ಎಪ್ಪತ್ತೈದು ನಿಮಿಷ ಬೇಕು. ಒಂದು ಪಂದ್ಯಕ್ಕೆ ಕೊಡುವ ಸಮಯ ಅಷ್ಟು.

ಕೊಳ್ಳುವ ಆಸೆ ನಿಮಗೂ ಬಂದರೆ, ಮೊದಲು ಒಂದು ರೇಂಜಿಗೆ ಹೋಗಿ ಆರು ತಿಂಗಳು ಅವರ ಪಿಸ್ತೂಲಿನಲ್ಲೇ ಕಲಿಯಿರಿ. ಅದಾದಮೇಲೂ ಆಸೆ ಉಳಿದಿದ್ದರೆ ದುಡ್ಡು ತೆಗೆಯಿರಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಆದರೆ ಸಿಲಿಂಡರಿನ ಮೇಲೆ ಕೊರೆದಿರುವ ತಾರೀಖು ನೋಡದೆ ಕೊಳ್ಳಬೇಡಿ. ಸಾಮಾನ್ಯವಾಗಿ ಅದರ ಆಯಸ್ಸು ಹತ್ತು ವರ್ಷ. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಪೆಟ್ಟಿಗೆ ಮೊದಲು, ಪಿಸ್ತೂಲು ಆಮೇಲೆ.

ಅಮ್ಮನ ಷರತ್ತುಗಳು ಇವು: ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿ, ಸಿಲಿಂಡರ್ ಬಿಚ್ಚಿ ಬೇರೆ. ಪೆಲೆಟ್ ಡಬ್ಬಿ ಇನ್ನೊಂದು ಬೀರುವಿನಲ್ಲಿ. ಮಗು ಮಲಗಿದ ಮೇಲಷ್ಟೇ ಅಭ್ಯಾಸ. ಬೀಗದ ಕೈ ಅಮ್ಮನ ಹತ್ತಿರ. ಕೊನೆಯದ್ದು ಕೇಳಿ ನಗು ಬಂದಿತ್ತು. ಈಗ ಅನ್ನಿಸುತ್ತೆ, ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ.

ಈ ಸಲ ಆಯುಧಪೂಜೆಗೆ ಸ್ಕೂಟರ್, ಮಿಕ್ಸಿ, ಅಣ್ಣನ ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ ಇಟ್ಟಾದಮೇಲೆ ಅಮ್ಮ ತಾವಾಗೇ ಒಳಗೆ ಹೋಗಿ ಆ ಪೆಟ್ಟಿಗೆ ತಂದರು. ಮೇಲೊಂದು ಸೇವಂತಿಗೆ ಇಟ್ಟರು. ಬೀಗ ಮಾತ್ರ ತೆಗೆಯಲಿಲ್ಲ.