ಭಾರದ ಗಾಡಿ ರಸ್ತೆಗೆ ಅಂಟಿಕೊಂಡಿರುತ್ತದೆಯೇ? ದೊಡ್ಡ ಎಸ್‌ಯುವಿಗಳ ಬಗ್ಗೆ ಹರಿದಾಡುವ ಮಾತುಗಳ ಅಸಲಿಯತ್ತೇನು?

ಕಾರುಗಳ ಬಗ್ಗೆ ಚರ್ಚಿಸುವ ವಾಟ್ಸಾಪ್ ಗ್ರೂಪುಗಳಲ್ಲಿ ನೀವಿದ್ದರೆ ಈ ಮಾತುಗಳನ್ನು ಕೇಳಿಯೇ ಇರುತ್ತೀರಿ. ಎರಡೂವರೆ ಟನ್ ತೂಕದ ಗಾಡಿ ರಸ್ತೆ ಬಿಟ್ಟು ಕದಲುವುದಿಲ್ಲ. ಲ್ಯಾಡರ್ ಫ್ರೇಮ್ ಅಂದರೆ ಟ್ಯಾಂಕ್ ಇದ್ದ ಹಾಗೆ. ಫೋರ್ ವೀಲ್ ಡ್ರೈವ್ ಇದ್ದರೆ ತಿರುವಿನಲ್ಲಿ ಭಯವೇ ಬೇಡ. ಸ್ಪ್ರಿಂಗ್ ಎತ್ತರಿಸಿ, ಅಗಲದ ಟೈರ್ ಹಾಕಿಸಿದರೆ ಗಾಡಿ ಸಿಂಹದ ಹಾಗೆ ನಿಲ್ಲುತ್ತದೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವಾದವೂ ಇದೆ: ಲ್ಯಾಡರ್ ಫ್ರೇಮ್ ಗಾಡಿ ಮೂಲತಃ ಲಾರಿ, ಎಷ್ಟೇ ಲಕ್ಷ ಸುರಿದರೂ ಅದು ಕಾರಿನ ಹಾಗೆ ಓಡುವುದಿಲ್ಲ.

ಎರಡೂ ಕಡೆ ಅರ್ಧ ಸತ್ಯವಿದೆ. ಆದರೆ ಈ ಅರ್ಧ ಸತ್ಯವನ್ನು ನಂಬಿ ದುಡ್ಡು ಕೊಟ್ಟು ಗಾಡಿಯನ್ನು ಮೊದಲಿಗಿಂತ ಅಪಾಯಕಾರಿ ಮಾಡಿಕೊಳ್ಳುವವರು ಇರುವುದರಿಂದ, ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಏಣಿಯ ಮೇಲೆ ಕೂತ ಮನೆ

ಲ್ಯಾಡರ್ ಫ್ರೇಮ್ ಎಂದರೆ ಹೆಸರೇ ಹೇಳುವಂತೆ ಏಣಿ. ಉದ್ದಕ್ಕೆ ಎರಡು ಉಕ್ಕಿನ ತೊಲೆ, ಅಡ್ಡಕ್ಕೆ ಕೆಲವು ಪಟ್ಟಿ. ಎಂಜಿನ್, ಗೇರ್‌ಬಾಕ್ಸ್, ಚಕ್ರಗಳೆಲ್ಲ ಈ ಏಣಿಗೆ ಜೋಡಣೆಯಾಗುತ್ತವೆ. ನಾವು ಕೂರುವ ಬಾಡಿಯನ್ನು ಅದರ ಮೇಲೆ ಇಟ್ಟು, ನಡುವೆ ರಬ್ಬರ್ ಬುಷ್ ಕೊಟ್ಟು ಬೋಲ್ಟ್ ಹಾಕಿರುತ್ತಾರೆ. ಬಿಡದಿಯಲ್ಲಿ ತಯಾರಾಗುವ ಫಾರ್ಚೂನರ್, ಮಹೀಂದ್ರದ ಸ್ಕಾರ್ಪಿಯೋ, ಇನ್ನೂ ಮೇಲಿನ ದರ್ಜೆಯ ಲ್ಯಾಂಡ್ ಕ್ರೂಸರ್, ಲೆಕ್ಸಸ್ ಎಲ್‌ಎಕ್ಸ್, ಮರ್ಸಿಡಿಸ್ ಜಿ-ಕ್ಲಾಸ್ ಎಲ್ಲವೂ ಈ ಜಾತಿಯವು. ಕ್ರೆಟಾದಂಥವುಗಳಲ್ಲಿ ಬಾಡಿಯೇ ಫ್ರೇಮ್, ಅದು ಮೋನೊಕಾಕ್.

ಹಳ್ಳದಿಣ್ಣೆಯಲ್ಲಿ, ಭಾರ ಎಳೆಯುವಾಗ ಏಣಿ ವಿನ್ಯಾಸ ನಿಜಕ್ಕೂ ಗಟ್ಟಿ. ಆದರೆ ಟಾರು ರಸ್ತೆಯಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಮೊದಲು ಚಕ್ರ ತಿರುಗುತ್ತದೆ, ಆಮೇಲೆ ಫ್ರೇಮ್, ಅದಾದ ಮೇಲೆ ರಬ್ಬರ್ ಒತ್ತಿಕೊಂಡು ಬಾಡಿ ಹಿಂಬಾಲಿಸುತ್ತದೆ. ತಡವಾಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ, ಆದರೆ ಕೈಗೆ ಗೊತ್ತಾಗುತ್ತದೆ. ‘ಗಾಡಿ ತೇಲುತ್ತದೆ’ ಎಂದು ಚಾಲಕರು ಹೇಳುವುದರಲ್ಲಿ ಇದರ ಪಾಲೂ ಇದೆ. ಇಂಥ ಗಾಡಿಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ಚಕ್ರಗಳನ್ನೂ ಜೋಡಿಸಿದ ಒಂದೇ ಭಾರದ ಆಕ್ಸಲ್ ಇರುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೂ ಅದರ ಏಟು ತಟ್ಟುತ್ತದೆ.

ಭಾರ ಹಿಡಿತ ಕೊಡುವುದಿಲ್ಲವೇ?

ಕೊಡುತ್ತದೆ. ಭಾರ ಹೆಚ್ಚಾದಷ್ಟೂ ಟೈರು ರಸ್ತೆಯನ್ನು ಬಲವಾಗಿ ಒತ್ತುತ್ತದೆ. ಆದರೆ ತಿರುವಿನಲ್ಲಿ ಗಾಡಿಯನ್ನು ಬಾಗಿಸಲು ಬೇಕಾದ ಬಲವೂ ಅದೇ ಲೆಕ್ಕದಲ್ಲಿ ಏರುತ್ತದೆ. ಲಾಭ ನಷ್ಟ ಸರಿದೂಗಿಬಿಡುತ್ತವೆ. ಸರಿದೂಗಿದ್ದರೂ ಚಿಂತೆಯಿರಲಿಲ್ಲ, ಟೈರಿಗೆ ಇನ್ನೊಂದು ಗುಣವಿದೆ: ಅದರ ಮೇಲಿನ ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ. ಎತ್ತರದ ಗಾಡಿ ತಿರುಗುವಾಗ ಒಳಬದಿಯ ಚಕ್ರಗಳ ಭಾರ ಹೊರಬದಿಗೆ ಸರಿಯುತ್ತದೆ. ಹೊರಗಿನ ಟೈರು ಗಳಿಸಿದ ಹಿಡಿತ, ಒಳಗಿನದು ಕಳೆದುಕೊಂಡಷ್ಟಕ್ಕೆ ಸಮ ಬರುವುದಿಲ್ಲ. ಹೀಗಾಗಿ ಒಟ್ಟು ಹಿಡಿತ ಕುಗ್ಗುತ್ತದೆ. ಗಾಡಿ ಎತ್ತರವಾದಷ್ಟೂ ಈ ನಷ್ಟ ಜಾಸ್ತಿ.

ಎತ್ತರದ ಅಪಾಯವನ್ನು ಅಳೆಯಲು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಒಂದು ಸರಳ ಸೂತ್ರ ಬಳಸುತ್ತದೆ. ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುವುದು. ಕಾರುಗಳಿಗೆ ಈ ಸಂಖ್ಯೆ ಸಾಮಾನ್ಯವಾಗಿ 1.30ರಿಂದ 1.50. ಎಸ್‌ಯುವಿ, ಪಿಕಪ್‌ಗಳಿಗೆ 1.00ರಿಂದ 1.30. ಸಂಖ್ಯೆ ಇಳಿದಷ್ಟೂ ಮಗುಚುವ ಸಾಧ್ಯತೆ ಏರುತ್ತದೆ.

ಲೆಕ್ಕವನ್ನು ನಾವೇ ಮಾಡಿ ನೋಡಬಹುದು. 2,200 ಕಿಲೋ ತೂಕದ ಒಂದು ಎಸ್‌ಯುವಿಯ ಚಕ್ರಗಳ ಅಗಲ 1.55 ಮೀಟರ್, ಗುರುತ್ವ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಸಂಖ್ಯೆ ಸುಮಾರು 1.11. ಈಗ ಧರ್ಮಸ್ಥಳಕ್ಕೆ ಹೊರಡುವ ಮೊದಲು ಮೇಲಿನ ಕ್ಯಾರಿಯರ್‌ಗೆ 75 ಕಿಲೋ ಲಗೇಜ್ ಕಟ್ಟಿದಿರಿ. ಆ ಲಗೇಜ್ ನೆಲದಿಂದ 1.9 ಮೀಟರ್ ಎತ್ತರದಲ್ಲಿದ್ದರೆ, ಇಡೀ ಗಾಡಿಯ ಗುರುತ್ವ ಕೇಂದ್ರ ಸುಮಾರು 4 ಸೆಂಟಿಮೀಟರ್ ಮೇಲೇರುತ್ತದೆ. ಸಂಖ್ಯೆ 1.05ಕ್ಕೆ ಇಳಿಯಿತು. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಎರಡು ಇಂಚು ಎತ್ತರಿಸಿದರೂ ಹೆಚ್ಚುಕಡಿಮೆ ಇದೇ ಪರಿಣಾಮ. ಅದೇ ಸೂಟ್‌ಕೇಸುಗಳನ್ನು ಡಿಕ್ಕಿಯ ತಳದಲ್ಲಿ ಇಟ್ಟಿದ್ದರೆ ಈ ಸಮಸ್ಯೆಯೇ ಇರುತ್ತಿರಲಿಲ್ಲ. ರಸ್ತೆಯ ಹಿಡಿತ ಸುಧಾರಿಸಲು ಪೈಸೆ ಖರ್ಚಿಲ್ಲದ ಮೊದಲ ಉಪಾಯ ಇದು.

ಒಣ ರಸ್ತೆಯಲ್ಲಿ ಗಾಡಿ ಸುಮ್ಮನೆ ಮಗುಚುವುದು ಅಪರೂಪ, ಸಾಮಾನ್ಯವಾಗಿ ಅದಕ್ಕೂ ಮೊದಲೇ ಟೈರ್ ಜಾರುತ್ತದೆ ಎಂಬುದನ್ನೂ ಹೇಳಬೇಕು. ಬಹುಪಾಲು ಮಗುಚುವಿಕೆ ಆಗುವುದು ಜಾರಿದ ಚಕ್ರ ರಸ್ತೆಯಂಚಿನ ಕಲ್ಲಿಗೋ ಮೆತ್ತನೆಯ ಮಣ್ಣಿಗೋ ತಗುಲಿ ನಿಂತಾಗ.

2010ರ ಲೆಕ್ಸಸ್ ಪ್ರಸಂಗ

ಈ ವಿಷಯದಲ್ಲಿ ನಮಗೆ ಅತ್ಯಂತ ಪಾಠ ಕಲಿಸುವ ಘಟನೆ ನಡೆದದ್ದು ಅಮೆರಿಕದಲ್ಲಿ. 2010ರ ಏಪ್ರಿಲ್‌ನಲ್ಲಿ ಅಲ್ಲಿನ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್, ಲೆಕ್ಸಸ್ ಜಿಎಕ್ಸ್ 460 ಎಂಬ ಐಷಾರಾಮಿ ಲ್ಯಾಡರ್ ಫ್ರೇಮ್ ಎಸ್‌ಯುವಿಯನ್ನು ಕೊಳ್ಳಬೇಡಿ ಎಂದು ಎಚ್ಚರಿಸಿತು. ಆ ಪತ್ರಿಕೆ ಇಂಥ ಎಚ್ಚರಿಕೆ ಕೊಡುವುದು ತೀರಾ ಅಪರೂಪ.

ಪರೀಕ್ಷೆ ಇಷ್ಟೇ. ಚಾಲಕ ತಿರುವಿಗೆ ಜೋರಾಗಿ ನುಗ್ಗುತ್ತಾನೆ, ವೇಗ ಹೆಚ್ಚಾಯಿತೆಂದು ಅನಿಸಿದಾಗ ಎಲ್ಲರೂ ಮಾಡುವಂತೆ ಆಕ್ಸಲರೇಟರ್‌ನಿಂದ ಕಾಲು ತೆಗೆಯುತ್ತಾನೆ. ಕಾಲು ತೆಗೆದ ಕ್ಷಣ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರುಗಳು ಹಗುರಾಗುತ್ತವೆ. ಜಿಎಕ್ಸ್‌ನ ಹಿಂಭಾಗ ಜಾರತೊಡಗಿತು. ಗಾಡಿ ಬಹುತೇಕ ಅಡ್ಡ ತಿರುಗುವವರೆಗೂ ಇಎಸ್‌ಸಿ, ಅಂದರೆ ಜಾರುವ ಗಾಡಿಯ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ, ಅದನ್ನು ಹಿಡಿದು ನಿಲ್ಲಿಸಲಿಲ್ಲ. ಆ ಸ್ಥಿತಿಯಲ್ಲಿ ಹಿಂದಿನ ಚಕ್ರ ರಸ್ತೆಯಂಚಿಗೆ ತಗುಲಿದರೆ ಗಾಡಿ ಮಗುಚಬಹುದು ಎಂಬುದು ಪರೀಕ್ಷಕರ ಆತಂಕ. ಟೊಯೋಟಾ ಕೂಡಲೇ ಮಾರಾಟ ನಿಲ್ಲಿಸಿ ಸುಮಾರು 9,400 ಗಾಡಿಗಳನ್ನು ವಾಪಸ್ ಕರೆಸಿತು.

ಅವರು ಬದಲಿಸಿದ್ದು ಫ್ರೇಮನ್ನಲ್ಲ, ಸ್ಪ್ರಿಂಗನ್ನಲ್ಲ. ಇಎಸ್‌ಸಿಯ ತಂತ್ರಾಂಶವನ್ನು. ಮೇ ತಿಂಗಳಲ್ಲಿ ಮರುಪರೀಕ್ಷೆ ನಡೆದು ಎಚ್ಚರಿಕೆಯೂ ತೆರವಾಯಿತು. ಅದೇ ತಳಹದಿಯ ಮೇಲೆ ಕಟ್ಟಿದ ಟೊಯೋಟಾ 4ರನ್ನರ್ ಅದೇ ಪರೀಕ್ಷೆಯಲ್ಲಿ ಹೀಗೆ ಜಾರಿರಲಿಲ್ಲ. ‘ಲ್ಯಾಡರ್ ಫ್ರೇಮ್ ಎಂದರೆ ಇಷ್ಟೇ’ ಎನ್ನುವವರಿಗೆ ಈ ಒಂದು ಉದಾಹರಣೆ ಸಾಕು.

ಇಎಸ್‌ಸಿ ಎಷ್ಟು ಮುಖ್ಯ ಎಂದರೆ, ಅಮೆರಿಕದಲ್ಲಿ ಅದನ್ನು ಕಡ್ಡಾಯಗೊಳಿಸಿದ 2007ರ ನಿಯಮದ ಜೊತೆಗೆ ಎನ್‌ಎಚ್‌ಟಿಎಸ್‌ಎ ಕೊಟ್ಟ ಅಂದಾಜಿನಂತೆ, ಎಸ್‌ಯುವಿ ಒಂದೇ ಸಿಲುಕುವ ಅಪಘಾತಗಳು ಇದರಿಂದ ಶೇ 59ರಷ್ಟು ತಗ್ಗುತ್ತವೆ. ಡ್ಯಾಶ್‌ಬೋರ್ಡ್‌ನಲ್ಲಿ ಕಾರಿನ ಹಿಂದೆ ಅಂಕುಡೊಂಕು ಗೆರೆಗಳ ಚಿತ್ರವಿರುವ ಗುಂಡಿ ಇದರದ್ದೇ. ಕೆಸರಿನಲ್ಲಿ ಹೂತಾಗ ಆಫ್ ಮಾಡಲು ಕೊಟ್ಟಿರುವುದು ಅದು. ‘ಆಫ್ ಮಾಡಿದರೆ ಪಿಕಪ್ ಜಾಸ್ತಿ’ ಎನ್ನುವ ರೀಲ್ ನೋಡಿ ಘಾಟಿಯಲ್ಲಿ ಒತ್ತಬೇಡಿ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು?

ಮೊದಲು ಗಾಳಿ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕರ್ ಇರುತ್ತದೆ. ಪೂರ್ತಿ ಭಾರಕ್ಕೆ ಬೇರೆ ಒತ್ತಡ ಕೊಟ್ಟಿದ್ದರೆ ಅದನ್ನೂ ಓದಿ. ಟೈರ್ ತಣ್ಣಗಿರುವಾಗ ಹಾಕಿಸಬೇಕು. ‘ಬೇಸಿಗೆಯಲ್ಲಿ ಗಾಳಿ ಕಮ್ಮಿ ಇಟ್ಟರೆ ಟೈರ್ ಸಿಡಿಯುವುದಿಲ್ಲ’ ಎಂಬ ಫಾರ್ವರ್ಡ್ ಪೂರ್ತಿ ಉಲ್ಟಾ. ಗಾಳಿ ಕಡಿಮೆಯಾದರೆ ಟೈರಿನ ಗೋಡೆ ಹೆಚ್ಚು ಮಡಚಿ, ಒಳಗೇ ಬಿಸಿಯೇರಿ, ಪದರ ಬಿಡುತ್ತದೆ. 2000ನೇ ಇಸವಿಯಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸ್ ಪಡೆದ ಪ್ರಕರಣದಲ್ಲಿ ದೊಡ್ಡ ವಾಗ್ವಾದ ನಡೆದದ್ದು, ಫ್ರೇಮ್ ಮೇಲೆ ಕಟ್ಟಿದ ಫೋರ್ಡ್ ಎಕ್ಸ್‌ಪ್ಲೋರರ್‌ಗೆ ಫೋರ್ಡ್ ಹೇಳಿದ್ದ 26 ಪಿಎಸ್‌ಐ ಒತ್ತಡ ಸಾಕೇ ಎಂಬುದರ ಬಗ್ಗೆಯೇ.

ಮುಂದಿನದು ಟೈರಿನ ಜಾತಿ. ನೋಡಲು ಗತ್ತಾಗಿರುತ್ತದೆಂದು ದಪ್ಪ ಗುಬ್ಬಿಗಳ ಮಡ್ ಟೈರ್ ಹಾಕಿಸಿಕೊಂಡವರು ತೊಂಬತ್ತೊಂಬತ್ತು ದಿನ ಟಾರಿನ ಮೇಲೆ, ಒಂದು ದಿನ ಕೆಸರಿನಲ್ಲಿ ಓಡಿಸುತ್ತಾರೆ. ಆ ಗುಬ್ಬಿಗಳು ತಿರುವಿನಲ್ಲಿ ರಬ್ಬರ್ ಅಳಿಸುವ ಹಾಗೆ ಬಾಗುತ್ತವೆ, ಮಳೆಯಲ್ಲಿ ಬ್ರೇಕ್ ದೂರ ಹೆಚ್ಚಿಸುತ್ತವೆ. ಹೈವೇಗೆಂದೇ ಮಾಡಿದ ಒಳ್ಳೆಯ ಟೈರಿಗೆ ಮರಳಿದರೆ ಸಿಗುವಷ್ಟು ಸುಧಾರಣೆ ಬೇರೆ ಯಾವ ಬಿಡಿಭಾಗದಿಂದಲೂ ಅಷ್ಟು ಅಗ್ಗಕ್ಕೆ ಸಿಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ದೊಡ್ಡ ಅಲಾಯ್ ಚಕ್ರದ ವಿಷಯದಲ್ಲಿ ಅಷ್ಟು ಉತ್ಸಾಹ ಬೇಡ: ತೂಕ ಹೆಚ್ಚುತ್ತದೆ, ಗೋಡೆ ತೆಳುವಾದ ಟೈರು ನಮ್ಮ ಗುಂಡಿಗಳಿಗೆ ಬೇಗ ಸೋಲುತ್ತದೆ. ಏನೇ ಬದಲಿಸಿದರೂ ಟೈರಿನ ಮೇಲೆ ಬರೆದಿರುವ ಭಾರದ ಸೂಚ್ಯಂಕ ಮೂಲ ಟೈರಿಗಿಂತ ಕಡಿಮೆಯಿರಬಾರದು.

ಗಾಡಿ ಹಳೆಯದಾಗಿದ್ದರೆ ಹೊಸದನ್ನು ಸೇರಿಸುವ ಮೊದಲು ಸವೆದದ್ದನ್ನು ಬದಲಿಸಿ. ಸಸ್ಪೆನ್ಷನ್ ಬುಷ್, ಬಾಲ್ ಜಾಯಿಂಟ್, ಬಾಡಿ ಮತ್ತು ಫ್ರೇಮ್ ನಡುವಿನ ರಬ್ಬರ್, ಶಾಕ್ ಅಬ್ಸಾರ್ಬರ್. ಎಣ್ಣೆ ಜಿನುಗುತ್ತಿರುವ ಶಾಕ್ ಇಟ್ಟುಕೊಂಡು ಸ್ಪ್ರಿಂಗ್ ನಡುವೆ ತುರುಕುವ ರಬ್ಬರ್ ಬಫರ್ ಕೊಳ್ಳುವುದು, ಸೋರುವ ಹೆಂಚಿಗೆ ಬಣ್ಣ ಬಳಿದ ಹಾಗೆ. ಬಫರ್ ಸ್ಪ್ರಿಂಗಿನ ಕೆಲವು ಸುತ್ತುಗಳನ್ನು ಕಟ್ಟಿಹಾಕುತ್ತದೆ ಅಷ್ಟೇ. ಕುಲುಕಾಟ ತಗ್ಗಿಸುವುದು ಶಾಕ್‌ನ ಕೆಲಸ. ಇದೆಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಇಷ್ಟಾದರೂ ತಿರುವಿನಲ್ಲಿ ವಾಲಾಟ ಹೆಚ್ಚೆನಿಸಿದರೆ ಆ್ಯಂಟಿ ರೋಲ್ ಬಾರ್ ಇದೆ. ಎಡ ಬಲ ಚಕ್ರಗಳನ್ನು ಜೋಡಿಸುವ ಈ ಉಕ್ಕಿನ ಸರಳು ದಪ್ಪವಾದರೆ ವಾಲುವುದು ಕಡಿಮೆ. ಆದರೆ ಹಿಂದಿನದನ್ನು ಮಾತ್ರ ವಿಪರೀತ ದಪ್ಪ ಮಾಡಿದರೆ ಹಿಂದಿನ ಟೈರುಗಳು ಬೇಗ ಹಿಡಿತ ಬಿಡುತ್ತವೆ. ಜಿಎಕ್ಸ್ ಪರೀಕ್ಷೆಯಲ್ಲಿ ಕಂಡ ಆ ಜಾರುವಿಕೆಯನ್ನು ದುಡ್ಡು ಕೊಟ್ಟು ತಂದುಕೊಂಡಂತೆ. ಇದು ಗೊತ್ತಿರುವವರ ಕೈಯಲ್ಲೇ ಆಗಬೇಕಾದ ಕೆಲಸ.

ಕಂಪನಿಗಳು ಮಾಡಿದ್ದೇನು?

ತಯಾರಕರು ಸುಧಾರಣೆಗೆ ಎಲ್ಲಿ ಕೈಹಾಕಿದರು ಎಂಬುದೂ ಸುಳಿವು ಕೊಡುತ್ತದೆ. 1979ರಿಂದ ತಯಾರಾಗುತ್ತಿರುವ ಜಿ-ಕ್ಲಾಸ್ 2018ರಲ್ಲಿ ಹೊಸ ರೂಪ ಪಡೆದಾಗ ಮರ್ಸಿಡಿಸ್ ಲ್ಯಾಡರ್ ಫ್ರೇಮನ್ನೂ ಹಿಂದಿನ ಆಕ್ಸಲ್ಲನ್ನೂ ಉಳಿಸಿಕೊಂಡಿತು. ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಕೊಟ್ಟು, ಸ್ಟೇರಿಂಗ್ ವ್ಯವಸ್ಥೆ ಬದಲಿಸಿ, ಗಾಡಿಯನ್ನು 121 ಮಿಲಿಮೀಟರ್ ಅಗಲ ಮಾಡಿತು. ತೂಕ 170 ಕಿಲೋವರೆಗೆ ಇಳಿಯಿತು. ಫ್ರೇಮ್, ಬಾಡಿ, ನಡುವಿನ ಜೋಡಣೆ ಸೇರಿ ತಿರುಚುವಿಕೆಗೆ ಒಡ್ಡುವ ಬಿಗಿತ ಸುಮಾರು ಶೇ 55ರಷ್ಟು ಹೆಚ್ಚಿತು. ಲ್ಯಾಂಡ್ ಕ್ರೂಸರ್ 300 ಕೂಡ 2021ರಲ್ಲಿ ಬಂದಾಗ ಹಿಂದಿನದಕ್ಕಿಂತ ಸುಮಾರು 200 ಕಿಲೋ ಹಗುರಾಗಿತ್ತು. ಟೊಯೋಟಾದ ಕೆಡಿಎಸ್‌ಎಸ್ ಎಂಬ ವ್ಯವಸ್ಥೆ ಆ್ಯಂಟಿ ರೋಲ್ ಬಾರ್‌ಗಳನ್ನು ಟಾರಿನ ಮೇಲೆ ಬಿಗಿ ಹಿಡಿದು, ಹಳ್ಳದಿಣ್ಣೆಯಲ್ಲಿ ಸಡಿಲ ಬಿಡುತ್ತದೆ. ಹಗುರ, ಅಗಲ, ಬಿಗಿ. ತೂಕ ಹೆಚ್ಚಿಸಿ ಹಿಡಿತ ತಂದವರು ಯಾರೂ ಇಲ್ಲ.

ಫೋರ್ ವೀಲ್ ಡ್ರೈವ್ ಮಾತು

ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋದರೆ ಹೊರಡಲು, ಏರಲು ಅನುಕೂಲ. ನಿಲ್ಲಿಸಲು ಅಲ್ಲ, ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಫಾರ್ಚೂನರ್‌ನಂಥ ಗಾಡಿಗಳಲ್ಲಿ ಗುಂಡಿ ತಿರುಗಿಸಿ ಹಾಕುವ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದೇ ವೇಗಕ್ಕೆ ಲಾಕ್ ಆಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕು, ಅದಕ್ಕೆ ಅವಕಾಶವಿಲ್ಲದೆ ಒಣ ಟಾರಿನಲ್ಲಿ ಗಾಡಿ ಮೊಂಡು ಹಿಡಿಯುತ್ತದೆ, ಗೇರ್‌ಗಳ ಮೇಲೆ ಒತ್ತಡ ಬೀಳುತ್ತದೆ. ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ಒಣ ದಿನ 2ಎಚ್‌ನಲ್ಲೇ ಇರಲಿ. ಲ್ಯಾಂಡ್ ಕ್ರೂಸರ್ 300ರಂತೆ ನಡುವೆ ಡಿಫರೆನ್ಷಿಯಲ್ ಇರುವ ಗಾಡಿಗಳಿಗೆ ಈ ತೊಂದರೆಯಿಲ್ಲ.

ಕೊನೆಗೆ ಕಾನೂನು. ನೋಂದಣಿಯಾದ ವಾಹನದ ಮೂಲ ವಿವರಗಳನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ಅಳತೆಯ ಟೈರ್, ಕಂಪನಿಯ ಅಳತೆಗೇ ಹೊಂದುವ ಶಾಕ್ ಮತ್ತು ಬುಷ್ ಹಾಕಿಸುವುದು ದುರಸ್ತಿ. ಲಿಫ್ಟ್ ಕಿಟ್, ಚಾಸಿಗೆ ವೆಲ್ಡಿಂಗ್ ಅಂಥವು ಬೇರೆ ಮಾತು. ಗ್ಯಾರೇಜಿನವರು ‘ಏನೂ ಆಗಲ್ಲ ಸಾರ್’ ಎಂದರೂ, ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲೊಮ್ಮೆ, ವಿಮಾ ಕಂಪನಿಯಲ್ಲೊಮ್ಮೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.