ಪಾಸ್‌ಪೋರ್ಟಿನಲ್ಲೂ ಒಂದು ಊರಾಚೆಯ ಕೇರಿ



ದೇಶದ ಗಡಿ ಅಂದ್ರೆ ತಂತಿಬೇಲಿ, ಬಂದೂಕು ಅಂತ ಟಿವಿಯವರು ತೋರಿಸ್ತಾರೆ. ನಮ್ಮ ಹುಡುಗರ ಗಡಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿದೆ.

1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿನಲ್ಲಿ 'ಇಸಿಆರ್' ಅಂತ ಬೀಳುತ್ತೆ. ಅಂದ್ರೆ ಸೌದಿ, ಕುವೈತ್, ಮಲೇಷ್ಯಾ ಸೇರಿ 18 ದೇಶಗಳಿಗೆ ದುಡಿಯೋಕೆ ಹೋಗುವ ಮುಂಚೆ ವಲಸಿಗರ ರಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಹತ್ತನೇ ಪಾಸಾದವರಿಗೆ, ಆದಾಯ ತೆರಿಗೆ ಕಟ್ಟೋರಿಗೆ ಬೇಕಿಲ್ಲ. ಉದ್ದೇಶ ರಕ್ಷಣೆಯೇ, ಅಲ್ಲ ಅನ್ನಲ್ಲ. ಕರಾರುಪತ್ರ ನೋಡ್ತಾರೆ, 10 ಲಕ್ಷದ ವಿಮೆ ಇರುತ್ತೆ, ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿ ಬಿಟ್ಟು ಹೆಚ್ಚಿಗೆ ಕೇಳುವಂತಿಲ್ಲ. ಕಾಗದದ ಮೇಲೆ ಚೆಂದ ಇದೆ. (ಕಾಗದದ ಚೆಂದ ಎಷ್ಟು ಅಂತ ಗುಮಾಸ್ತನಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ.)

ಈಗ ತಮಾಷೆ ನೋಡಿ. ಅದೇ ಇಸಿಆರ್ ಪಾಸ್‌ಪೋರ್ಟಿನವನು "ಊರು ನೋಡೋಕೆ ಹೊರಟಿದೀನಿ" ಅಂದ್ರೆ ಈ ಒಪ್ಪಿಗೆ ಬೇಕಾಗಿಲ್ಲ! ವಿಸಿಟ್ ವೀಸಾ, ವಾಪಸ್ ಟಿಕೆಟ್ ಇದ್ರೆ ಆಯ್ತು. ನಿಜ ಹೇಳಿದವನಿಗೆ ಅಲೆದಾಟ, ಸುಳ್ಳು ಹೇಳಿದವನಿಗೆ ವಿಮಾನ. ಏಜೆಂಟರ ದಂಧೆ ನಿಂತಿರೋದೇ ಈ ಕಿಂಡಿಯಲ್ಲಿ. ಇನ್ನು ಹೆಣ್ಣುಮಕ್ಕಳ ಕತೆ ಕೇಳಿ. ಇಸಿಆರ್‌ನಲ್ಲಿರೋಳು 30 ವರ್ಷ ತುಂಬದೆ ಆ ದೇಶಗಳಿಗೆ ಕೆಲಸಕ್ಕೆ ಹೋಗುವಂತಿಲ್ಲ. ಮನೆಯಲ್ಲಿ ಸಾಲ, ಎರಡು ಮಕ್ಕಳು, ವಯಸ್ಸು 26. ಅವಳು ನಾಲ್ಕು ವರ್ಷ ಕಾಯ್ತಾಳಾ? ಅವಳೂ 'ಟೂರಿಸ್ಟ್' ಆಗಿ ಹೋಗ್ತಾಳೆ.

ಹಾಗೆ ಹೋದವಳಿಗೆ ಅಲ್ಲಿ ಏನಿರುತ್ತೆ? ಸರ್ಕಾರದ ಲೆಕ್ಕದಲ್ಲಿ ಅವಳು ಕೆಲಸಗಾರ್ತಿಯೇ ಅಲ್ಲ. ವಿಮೆ ಇಲ್ಲ, ಕರಾರು ಇಲ್ಲ. ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿ. ಸಂಬಳ ಕೊಡಲಿಲ್ಲ ಅಂತ ಪೊಲೀಸರ ಹತ್ತಿರ ಹೋದ್ರೆ ವಿಸಿಟ್ ವೀಸಾದಲ್ಲಿ ದುಡಿದ ತಪ್ಪಿಗೆ ಅವಳೇ ಒಳಗೆ. ತಡೆಯೋ ಕಾನೂನು ಅವಳನ್ನ ತಡೀಲಿಲ್ಲ, ಕತ್ತಲೆ ದಾರಿಗೆ ಹತ್ತಿಸಿ ಕಳಿಸ್ತು.

ಹತ್ತನೇ ದಾಟದವರು ಹೆಚ್ಚಾಗಿ ಯಾವ ಕೇರಿಯವರು ಅಂತ ಬಿಡಿಸಿ ಹೇಳಬೇಕಾ? 2018ರ ಜನವರಿಯಲ್ಲಿ ವಿದೇಶಾಂಗ ಇಲಾಖೆ ಇಸಿಆರ್‌ನವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡೋಕೆ ಹೊರಟಿತ್ತು. ಪೇಶ್ವೆಗಳ ಕಾಲದ ಕೊರಳ ಮಡಕೆ ನೆನಪಾಯ್ತು ನನಗೆ. ವಿರೋಧ ಬಂದು ಆ ತಿಂಗಳ ಕೊನೆಗೇ ಕೈಬಿಟ್ಟರು. ಬಣ್ಣ ತಪ್ಪಿತು, ಮುದ್ರೆ ಹಾಗೇ ಇದೆ.

ಮೋಸಕ್ಕೆ ಮಾರ್ಕ್ಸ್ ಕಾರ್ಡ್ ಗೊತ್ತಾಗಲ್ಲ. 2023ರ ಕೊನೆಗೆ ಸೆಕ್ಯೂರಿಟಿ ಕೆಲಸ ಅಂತ ರಷ್ಯಾಕ್ಕೆ ಹೋದ ಕಲಬುರಗಿ ಹುಡುಗರನ್ನ ಯುದ್ಧಕ್ಕೆ ತಳ್ಳಿದರಲ್ಲ, ಆ 18ರ ಪಟ್ಟಿಯಲ್ಲಿ ರಷ್ಯಾ ಇಲ್ಲವೇ ಇಲ್ಲ. ತಪಾಸಣೆ ಮಾಡಿ ಸ್ವಾಮಿ, ಬೇಡ ಅನ್ನಲ್ಲ. ಏಜೆಂಟನ್ನ ಮಾಡಿ, ಕೆಲಸ ಕೊಡೋ ಕಂಪನಿಯನ್ನ ಮಾಡಿ. ಓದಿರಲಿ ಬಿಡಲಿ, ಯಾವ ದೇಶಕ್ಕೇ ಹೋಗಲಿ, ದುಡಿಯೋಕೆ ಹೋಗುವ ಎಲ್ಲರಿಗೂ ಅದೇ ನೋಂದಣಿ, ಅದೇ ವಿಮೆ ಕೊಡಿ. 30 ವರ್ಷದ ನಿಯಮ ತೆಗೀರಿ.

ನಿಮ್ಮ ಕೇರಿಯಲ್ಲಿ ಯಾರಾದ್ರೂ ಹೊರಟಿದ್ರೆ ಏಜೆಂಟನ ನೋಂದಣಿ ಇದೆಯಾ ಅಂತ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ. ವಿಸಿಟ್ ವೀಸಾ ಅಂದ ಕೂಡಲೇ ಅಡ್ವಾನ್ಸ್ ಕೊಡಬೇಡಿ. ನೋಡೋಕೆ ಬರಲ್ಲ ಅನ್ನೋರು ಮೆಸೇಜ್ ಹಾಕಿ, ಭಾನುವಾರ ನಾನು ಮನೆಯಲ್ಲೇ ಇರ್ತೀನಿ.