ನೆರೆಮನೆಯವರ ಹೆಗಲ ಮೇಲಿನ ಭಾರ

ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ರೊಹಿಂಗ್ಯಾ ಶಿಬಿರಗಳಲ್ಲಿ ಒಬ್ಬರ ತಿಂಗಳ ಪಡಿತರ 2023ರ ಆರಂಭದಲ್ಲಿ 12 ಡಾಲರ್ ಇತ್ತು. ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ಅಂದರೆ ದಿನಕ್ಕೆ ಇಪ್ಪತ್ತೆರಡು ರೂಪಾಯಿ ಆಸುಪಾಸು. ನಮ್ಮ ಹೋಟೆಲಿನಲ್ಲಿ ಒಂದು ಚಾ, ಒಂದು ಬನ್ಸ್‌ಗೂ ಸಾಲದು. ಆಮೇಲೆ ಏರಿಸಿದರು ನಿಜ. ಆದರೆ 2025ರ ಮಾರ್ಚ್‌ನಲ್ಲಿ, ಅದೂ ರಮಝಾನ್ ಉಪವಾಸದ ದಿನಗಳಲ್ಲಿ, 6 ಡಾಲರ್‌ಗೆ ಇಳಿಸಬೇಕಾದೀತು ಎಂದು ವಿಶ್ವ ಆಹಾರ ಕಾರ್ಯಕ್ರಮ ಹೇಳಿತು. ಕೊನೆ ಗಳಿಗೆಯಲ್ಲಿ ಹಣ ಬಂದು 12ಕ್ಕೆ ನಿಂತಿತು. ಮುಂದಿನ ಸಲ ಬರುತ್ತದೆಯೋ?

ಶಿಬಿರದವರಿಗೆ ಹೊರಗೆ ದುಡಿಯುವ ಹಕ್ಕಿಲ್ಲ. ಪಡಿತರ ಇಳಿದರೆ ದೋಣಿ ಹತ್ತುವುದೊಂದೇ ದಾರಿ ಎನಿಸುತ್ತದೆ. 2023ರಲ್ಲಿ ಹಾಗೆ ಸಮುದ್ರಕ್ಕಿಳಿದ ರೊಹಿಂಗ್ಯಾಗಳಲ್ಲಿ ಕನಿಷ್ಠ 569 ಮಂದಿ ಸತ್ತರು ಇಲ್ಲವೇ ಕಾಣೆಯಾದರು.

'ಶ್ರೀಮಂತ ದೇಶಗಳು ಕರಕೊಳ್ಳಲಿ' ಅಂತ ನಮ್ಮಲ್ಲಿ ಹಲವರು ಹೇಳುವುದುಂಟು. ಕರಕೊಳ್ಳಲೇಬೇಕು. ಆದರೆ ಆ ಭಾಗ್ಯ ಸಿಗುವುದು ಬೆರಳೆಣಿಕೆಯವರಿಗೆ. ಜಗತ್ತಿನ ಹೆಚ್ಚಿನ ನಿರಾಶ್ರಿತರು ಇರುವುದು ತಮ್ಮ ದೇಶದ ಪಕ್ಕದ ದೇಶಗಳಲ್ಲೇ. ರೊಹಿಂಗ್ಯಾ ಮಾತು ಚಿತ್ತಗಾಂಗಿನ ಆಡುಮಾತಿಗೆ ಹತ್ತಿರ. ನಮ್ಮ ಬ್ಯಾರಿ ಬಾಸೆಯವರು ಕಾಸರಗೋಡಿಗೆ ಹೋದ ಹಾಗೆ. ನಾಫ್ ನದಿಯ ಆಚೆ ದಡದಲ್ಲೇ ಅವರ ಊರು. ವಾಪಸಾಗುವ ಆಸೆ ಅಲ್ಲಿದ್ದರೆ ಬದುಕಿರುತ್ತದೆ.

ಆದರೆ ಭಾರ ಹೊತ್ತವರು ಯಾರು? 1951ರ ನಿರಾಶ್ರಿತರ ಒಪ್ಪಂದಕ್ಕೆ ಬಾಂಗ್ಲಾದೇಶ ಸಹಿ ಹಾಕಿಲ್ಲ. ಆದರೂ 2017ರ ಆಗಸ್ಟ್ 25ರ ನಂತರ ಏಳು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಒಳಗೆ ಬಿಟ್ಟಿತು. ಉಖಿಯಾ, ಟೆಕ್ನಾಫ್‌ನ ಬಡವರು ಮೊದಲ ವಾರಗಳಲ್ಲಿ ತಮ್ಮ ಮನೆಯ ಅನ್ನವನ್ನೇ ಹಂಚಿದರು. ಆಮೇಲೆ ಅವರ ಕೂಲಿ ಇಳಿಯಿತು, ಸೌದೆಗಾಗಿ ಗುಡ್ಡ ಬೋಳಾಯಿತು. 2018ರಿಂದ ಗ್ಯಾಸ್ ಸಿಲಿಂಡರ್ ಕೊಡಲು ಶುರು ಮಾಡಿದ ಮೇಲೆ ಕಾಡಿಗೆ ಸ್ವಲ್ಪ ಉಸಿರು ಬಂತು. ಆ ಊರಿನವರಿಗೂ ಶಾಲೆ, ನೀರು, ಕೆಲಸ ಸಿಗದಿದ್ದರೆ ಅವರ ತಾಳ್ಮೆ ಎಷ್ಟು ದಿನ? ನೆರವು ಎರಡೂ ಕಡೆಗೆ ಹೋಗಬೇಕು ಎಂಬುದು ನಮ್ಮ ನಿಲುವು.

ಮಕ್ಕಾದಿಂದ ಮೊದಲ ಹಿಜ್ರಾ ಹೋದವರಿಗೆ ಆಸರೆಯಾದದ್ದು ಸಮುದ್ರದಾಚೆಯ ಅಬಿಸೀನಿಯಾದ ನಜಾಶಿ, ಒಬ್ಬ ಕ್ರೈಸ್ತ ರಾಜ. ಈ ಕಥೆ ಮದ್ರಸದಲ್ಲಿ ಕೇಳದವರು ನಮ್ಮಲ್ಲಿ ಯಾರಿದ್ದಾರೆ?

ಝಕಾತ್ ಊರು ದಾಟಬಾರದು ಎಂಬುದು ಶಾಫಿ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಆ ಬಗ್ಗೆ ನಿಮ್ಮ ಖತೀಬರನ್ನೇ ಕೇಳಿ. ಸದಖಾಕ್ಕೆ ಆ ತಡೆ ಇಲ್ಲ. ಆದರೆ ವಾಟ್ಸ್ಆ್ಯಪ್‌ನಲ್ಲಿ ಬರುವ ಗುರುತಿಲ್ಲದ ಖಾತೆಗಳಿಗೆ ದಯವಿಟ್ಟು ಹಾಕಬೇಡಿ. ಇಲ್ಲಿಂದ ಕಳಿಸುವವರು ಮೊದಲು ಬ್ಯಾಂಕಿನಲ್ಲಿ ನಿಯಮ ವಿಚಾರಿಸಿ; ಗಲ್ಫ್‌ನಲ್ಲಿರುವ ನಮ್ಮ ಮಕ್ಕಳು ಅಲ್ಲಿನ ಪರವಾನಗಿ ಇರುವ ಸಂಸ್ಥೆಗಳ ಮೂಲಕವೇ ಕೊಡಲಿ. ಒಮ್ಮೆ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಸಣ್ಣದು ಒಳ್ಳೆಯದು. ರಮಝಾನ್ ಮುಗಿದ ಮೇಲೂ ಪಡಿತರ ತಪ್ಪಬಹುದು ಅಲ್ಲವೇ.

ಇನ್ನೊಂದು ಮಾತು. 2017ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರಕಾರವೇ 'ಆಪರೇಷನ್ ಇನ್ಸಾನಿಯತ್' ಹೆಸರಿನಲ್ಲಿ ಅಕ್ಕಿ, ಬೇಳೆ ಬಾಂಗ್ಲಾಕ್ಕೆ ಕಳಿಸಿತ್ತು. ಅದನ್ನು ಮುಂದುವರಿಸಿ ಎಂದು ಸಂಸದರಿಗೆ ಪತ್ರ ಬರೆಯಲು ಜಮಾಅತ್ ಕಮಿಟಿಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ.